14 ವರ್ಷ ಆಫೀಸರ್, ಪೆನ್ಷನ್ ಇಲ್ಲ. ಸಿಪಾಯಿಯಾಗಿ ಮತ್ತೆ ಸೇರಿ ಉಳಿದ ವರ್ಷ ಮುಗಿಸೋಕೆ ಆಗುತ್ತಾ?

ಹಾಸನದ ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ವಿಷಯ ಕೇಳಬೇಕಿತ್ತು. ಇಂಜಿನಿಯರಿಂಗ್ ಮುಗಿಸಿ, ಚೆನ್ನೈನ ಓಟಿಎ, ಅಂದರೆ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ ಟ್ರೈನಿಂಗ್ ಮಾಡಿ, 2014ರಲ್ಲಿ ಸೈನ್ಯದಲ್ಲಿ ಶಾರ್ಟ್ ಸರ್ವಿಸ್ (ಇಂತಿಷ್ಟೇ ವರ್ಷ ಅಂತ ಇರುವ ಸೇವೆ) ಆಫೀಸರ್ ಆದ. ಈಗ ಮೇಜರ್. 10ನೇ ವರ್ಷದಲ್ಲಿ ಪರ್ಮನೆಂಟ್ ಕಮಿಷನ್, ಅಂದರೆ ಕಾಯಂ ಆಫೀಸರ್ ಹುದ್ದೆ ಕೇಳಿದ್ದ, ಸಿಗಲಿಲ್ಲ. 4 ವರ್ಷ ಎಕ್ಸ್‌ಟೆನ್ಷನ್ ಕೊಟ್ಟರು. 2028ಕ್ಕೆ 14 ವರ್ಷ ಮುಗಿಯುತ್ತದೆ. ಆಗ ಅವನಿಗೆ 38. ಗ್ರಾಚ್ಯುಟಿ ಕೊಟ್ಟು ಕಳಿಸುತ್ತಾರೆ, ಪೆನ್ಷನ್ ಇಲ್ಲ. ಆಫೀಸರ್‌ಗೆ ಪೆನ್ಷನ್ ಬರಬೇಕು ಅಂದರೆ 20 ವರ್ಷ ಆಗಿರಬೇಕು.

ಅವನ ಕೈಕೆಳಗೆ ಕೆಲಸ ಮಾಡಿದ ಹವಾಲ್ದಾರರಿಗೆಲ್ಲ ಪೆನ್ಷನ್ ಇದೆ. ಅದು ಬರಬೇಕಾದ್ದೇ, ಅದರ ಬಗ್ಗೆ ನನಗೆ ಬೇಸರ ಇಲ್ಲ. ಆದರೆ 14 ವರ್ಷ ಗಡಿಯಲ್ಲಿ ಕಳೆದವನು ಬರಿಗೈಯಲ್ಲಿ ಮನೆಗೆ ಬರೋದು ನೋಡೋಕೆ ಸಂಕಟ ಆಗುತ್ತದೆ. ಇಬ್ಬರು ಚಿಕ್ಕ ಮಕ್ಕಳಿದ್ದಾರೆ.

ಅಮೆರಿಕದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಒಂದು ವಿಷಯ ಹೇಳಿದ. ಅವನ ಪಕ್ಕದ ಮನೆಯ ಅಜ್ಜ ವಿಯೆಟ್ನಾಂ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದರಂತೆ. ಯುದ್ಧ ಮುಗಿಯುವಾಗ ಆಫೀಸರ್ ಕೆಲಸದಿಂದ ತೆಗೆದರಂತೆ. ಅವರು ಸಾರ್ಜೆಂಟ್ (ನಮ್ಮ ಹವಾಲ್ದಾರ್ ಥರ) ಆಗಿ ಮತ್ತೆ ಸೇರಿ, 20 ವರ್ಷ ಮುಗಿಸಿ ಪೆನ್ಷನ್ ತಗೊಂಡರಂತೆ. ನಮ್ಮಲ್ಲಿ ಹಾಗೆ ಮಾಡೋಕೆ ದಾರಿ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ನೇರ ಮಾತು
ಇಲ್ಲ. ನಮ್ಮಲ್ಲಿ ಆ ದಾರಿಯೇ ಇಲ್ಲ.

ಮದ್ರಾಸ್ ಸ್ಯಾಪರ್
ಅಕ್ಕ, ನಾನು ಬೆಂಗಳೂರಿನ ಎಂಇಜಿ, ಅಂದರೆ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಿಂದ ಹವಾಲ್ದಾರ್ ಆಗಿ ನಿವೃತ್ತನಾದವನು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಪಾಯಿ ಭರ್ತಿಗೆ ವಯಸ್ಸು ಹದಿನೇಳೂವರೆಯಿಂದ ಸುಮಾರು 21. ನಿಮ್ಮ ತಮ್ಮನಿಗೆ ಆ ಬಾಗಿಲು ಮುಚ್ಚಿ ತುಂಬಾ ವರ್ಷ ಆಯಿತು. ಜವಾನನಿಗೆ 15 ವರ್ಷಕ್ಕೆ ಪೆನ್ಷನ್, ಆಫೀಸರ್‌ಗೆ 20ಕ್ಕೆ. ಶಾರ್ಟ್ ಸರ್ವಿಸ್‌ನವರು 14ಕ್ಕೆ ಹೊರಗೆ ಬರುತ್ತಾರೆ. ಅಂದರೆ ಆ ಕಡೆಯ ಲೆಕ್ಕಕ್ಕೂ ಸಿಗಲ್ಲ, ಈ ಕಡೆಯ ಲೆಕ್ಕಕ್ಕೂ ಸಿಗಲ್ಲ.

ಮತ್ತೆ ಸೇರುವ ದಾರಿ ಇರೋದು ಜವಾನರಿಗೆ. ಅದೇ ಡಿಎಸ್‌ಸಿ, ಡಿಫೆನ್ಸ್ ಸೆಕ್ಯುರಿಟಿ ಕೋರ್. ನಿವೃತ್ತ ಸೈನಿಕರನ್ನು ಸೇರಿಸಿಕೊಂಡು ಡಿಪೋ, ವಾಯುನೆಲೆ, ನೌಕಾನೆಲೆಗಳನ್ನು ಕಾಯಿಸುತ್ತಾರೆ. ಸೆಂಟರ್ ಕೇರಳದ ಕಣ್ಣೂರಿನಲ್ಲಿದೆ. ಅಲ್ಲಿ 15 ವರ್ಷ ಮಾಡಿದರೆ ಎರಡನೇ ಪೆನ್ಷನ್ ಬರುತ್ತದೆ. ಆದರೆ ಆಫೀಸರ್ ಆಗಿದ್ದವರನ್ನು ಅಲ್ಲಿ ಸಿಪಾಯಿಯಾಗಿ ತಗೊಳ್ಳೋದಿಲ್ಲ.

ಮೈಸೂರು ಮಲ್ಲಿಗೆ
ಟೆರಿಟೋರಿಯಲ್ ಆರ್ಮಿ ಇದೆಯಲ್ಲ? ಬೆಂಗಳೂರಿನಲ್ಲೂ ಬೆಳಗಾವಿಯಲ್ಲೂ ಅವರ ಬೆಟಾಲಿಯನ್ ಇವೆ. 42 ವಯಸ್ಸಿನ ತನಕ ಆಫೀಸರ್ ಆಗಿ ಸೇರಬಹುದು. ತಮ್ಮನಿಗೆ ಅಲ್ಲಿ ಅರ್ಜಿ ಹಾಕೋಕೆ ಹೇಳಿ.

ಮದ್ರಾಸ್ ಸ್ಯಾಪರ್
ಮಲ್ಲಿಗೆಯವರೇ, ಹಾಕಬಹುದು, ಒಳ್ಳೆಯದೇ. ಆದರೆ ಅದನ್ನು ಪೂರ್ತಿ ನಂಬಿ ಕೂರುವ ಹಾಗಿಲ್ಲ. ಟಿಎ ಇರೋದು ಬೇರೆ ಉದ್ಯೋಗ ಇದ್ದವರಿಗೆ. ವರ್ಷಕ್ಕೆ ಸುಮಾರು 2 ತಿಂಗಳು ಟ್ರೈನಿಂಗ್. ಸರ್ಕಾರ ಕರೆಸಿಕೊಂಡು ಡ್ಯೂಟಿಗೆ ಹಾಕಿದ ದಿನಗಳಷ್ಟೇ ಪೆನ್ಷನ್ ಲೆಕ್ಕಕ್ಕೆ ಬರುತ್ತವೆ. ಅಲ್ಲೂ ಆಫೀಸರ್‌ಗೆ ಅಂಥ 20 ವರ್ಷ ಆಗಬೇಕು.

ಬೈಲಹೊಂಗಲದ ಮಗಳು
ಡಿಎಸ್‌ಸಿ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಮ್ಮ ಅಪ್ಪಾಜಿ 1985ರಲ್ಲಿ ಬೆಳಗಾವಿಯ ಮರಾಠಾ ಸೆಂಟರ್‌ನಲ್ಲಿ ಭರ್ತಿ ಆದರು. 2005ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದರು. ಅಜ್ಜಿಗೆ ಹುಷಾರಿರಲಿಲ್ಲ, ಅದಕ್ಕೇ ಸ್ವಲ್ಪ ಬೇಗ ಬಂದರು. ಆಗ ಅವರಿಗೆ 39. ಹೊಲ ಇದ್ದದ್ದು 3 ಎಕರೆ, ಅದೂ ಮಳೆ ನಂಬಿದ್ದು. ನಾವು ಮೂವರು ಮಕ್ಕಳು. ಒಂದು ವರ್ಷ ನೋಡಿದರು. ಆಮೇಲೆ ಡಿಎಸ್‌ಸಿಗೆ ಅರ್ಜಿ ಹಾಕಿದರು.

ಅಲ್ಲಿ ಸೇರುವಾಗ ಹವಾಲ್ದಾರ್ ಆಗಿ ಸೇರಿಸಿಕೊಳ್ಳಲಿಲ್ಲ ರೀ. ಸಿಪಾಯಿ. ಕಣ್ಣೂರಿಗೆ ಹೋಗುವ ಹಿಂದಿನ ರಾತ್ರಿ ಅಪ್ಪಾಜಿ ಹಳೇ ಶರ್ಟಿನ ತೋಳಿನಿಂದ ಮೂರು ಪಟ್ಟಿ ಬಿಚ್ಚುತ್ತಾ ಕೂತಿದ್ದರು. ಬ್ಲೇಡಿನಿಂದ ಒಂದೊಂದೇ ದಾರ ಕತ್ತರಿಸುತ್ತಿದ್ದರು, ಬಟ್ಟೆ ಹರಿಯಬಾರದು ಅಂತ. ಅವ್ವ ದೀಪ ಹಿಡಿದು ನಿಂತಿದ್ದಳು, ಕರೆಂಟು ಇರಲಿಲ್ಲ. ಇಬ್ಬರೂ ಒಂದು ಮಾತೂ ಆಡಲಿಲ್ಲ. ಪಟ್ಟಿ ಇದ್ದ ಜಾಗದಲ್ಲಿ ಬಟ್ಟೆಯ ಬಣ್ಣ ಗಾಢವಾಗಿ ಉಳಿದಿತ್ತು. ಬಿಸಿಲು ಬಿದ್ದಿರಲಿಲ್ಲ ಅಲ್ವಾ ಅಲ್ಲಿ. ಯಾರು ನೋಡಿದರೂ ಗೊತ್ತಾಗುತ್ತಿತ್ತು, ಇವರಿಗೆ ಮೊದಲು ಮೂರು ಪಟ್ಟಿ ಇತ್ತು ಅಂತ.

ಮೊದಲ ಪೋಸ್ಟಿಂಗ್‌ನಲ್ಲಿ ಒಂದು ದೊಡ್ಡ ಡಿಪೋ ಗೇಟ್. ಅವರ ಮೇಲಿದ್ದ ನಾಯಕ್ (ಹವಾಲ್ದಾರ್‌ಗಿಂತ ಕೆಳಗಿನ ದರ್ಜೆ) ವಯಸ್ಸಿನಲ್ಲಿ ಅಪ್ಪಾಜಿಗಿಂತ 5 ವರ್ಷ ಚಿಕ್ಕವನು. ವರ್ಷಗಟ್ಟಲೆ ಬೇರೆಯವರಿಗೆ ಡ್ಯೂಟಿ ಹಂಚಿದ ಮನುಷ್ಯ ರಾತ್ರಿ 2ರಿಂದ 4ರ ಸಂತ್ರಿ ಡ್ಯೂಟಿಗೆ ತಾನೇ ನಿಂತ. ಒಮ್ಮೆ ಕೇಳಿದ್ದೆ, ಬೇಜಾರಾಗಲಿಲ್ವಾ ಅಂತ. "ಮೊದಲ ಆರು ತಿಂಗಳು ಆಯಿತವ್ವ, ಆಮೇಲೆ ರೂಢಿ ಆಯಿತು. ಬಂದೂಕು ಅದೇ, ಎಣ್ಣೆ ಅದೇ" ಅಂದರು.

2021ರಲ್ಲಿ 15 ವರ್ಷ ಮುಗಿಸಿ ಬಂದರು. ಈಗ ಎರಡು ಪೆನ್ಷನ್. ನಾನು ನರ್ಸಿಂಗ್ ಓದಿದ್ದು, ತಮ್ಮ ಐಟಿಐ ಮಾಡಿದ್ದು, ತಂಗಿಯ ಮದುವೆ, ಎಲ್ಲ ಆ ಸಿಪಾಯಿ ಸಂಬಳದಲ್ಲೇ.

ಹಾಸನದ ಅಕ್ಕ
ಬೈಲಹೊಂಗಲದವರೇ, ಓದಿ ಕಣ್ಣು ತುಂಬಿ ಬಂತು. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ.

ನೇರ ಮಾತು
ಹವಾಲ್ದಾರ್ ಸಿಪಾಯಿ ಆಗೋದು ಬೇರೆ, ಮೇಜರ್ ಸಿಪಾಯಿ ಆಗೋದು ಬೇರೆ. ನಿನ್ನೆ ತನಕ ನೂರು ಜನರ ಕಂಪನಿ ನಡೆಸಿದವನು ಇವತ್ತು ಅದೇ ಜನರ ಪಕ್ಕ ಸಾಲಿನಲ್ಲಿ ನಿಂತರೆ ಶಿಸ್ತು ಏನಾಗುತ್ತದೆ? ಹೊಸ ಲೆಫ್ಟಿನೆಂಟ್ ಅವನಿಗೆ ಹೇಗೆ ಆರ್ಡರ್ ಕೊಡುತ್ತಾನೆ? ಜವಾನರು ಯಾರ ಮಾತು ಕೇಳುತ್ತಾರೆ? ಇದರಲ್ಲಿ ಅವಮಾನದ ಪ್ರಶ್ನೆ ಇಲ್ಲ, ಯೂನಿಟ್ ನಡೆಯಬೇಕು. ನಮ್ಮಲ್ಲಿ ಆ ದಾರಿ ಇಡದೇ ಇರೋದು ಸರಿ ಅಂತಲೇ ನನ್ನ ಅಭಿಪ್ರಾಯ.

ಡಲ್ಲಾಸ್ ಕನ್ನಡಿಗ
ನೇರ ಮಾತು ಅವರೇ, ಇಲ್ಲಿ ಅಮೆರಿಕದಲ್ಲಿ ಅದು ನಡೆದಿದೆ, ಸೈನ್ಯ ಮುರಿದು ಬೀಳಲಿಲ್ಲ. ನಾನು ಸೈನ್ಯದಲ್ಲಿದ್ದವನಲ್ಲ, ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಇದ್ದವರು. ಅವರು ಹೇಳಿದ್ದು, ನಾನು ಓದಿದ್ದು ಸೇರಿಸಿ ಹೇಳುತ್ತೇನೆ.

ವಿಯೆಟ್ನಾಂ ಯುದ್ಧಕ್ಕೆ ಆಫೀಸರ್‌ಗಳು ಸಾಲದೇ ತುಂಬಾ ಜನ ಸಾರ್ಜೆಂಟ್‌ಗಳನ್ನು ಆಫೀಸರ್ ಮಾಡಿದರು. ಹೆಚ್ಚಿನವರಿಗೆ ಕೊಟ್ಟದ್ದು ರಿಸರ್ವ್ ಕಮಿಷನ್, ಅಂದರೆ ಕಾಯಂ ಅಲ್ಲದ ಆಫೀಸರ್ ಹುದ್ದೆ. 1970ರ ದಶಕದ ಮೊದಲ ವರ್ಷಗಳಲ್ಲಿ ಯುದ್ಧ ಇಳಿಮುಖ ಆಯಿತು, ಸೈನ್ಯ ಚಿಕ್ಕದಾಗಬೇಕಾಯಿತು. ಆಗ ಸಾವಿರಾರು ಆಫೀಸರ್‌ಗಳನ್ನು ಕೈಬಿಟ್ಟರು. ಇದಕ್ಕೆ ಇಲ್ಲಿನವರು ರಿಫ್ ಅನ್ನುತ್ತಾರೆ, ಸಂಖ್ಯೆ ಕಡಿತ. 12 ವರ್ಷ, 14 ವರ್ಷ ಸೇವೆ ಆದವರೂ ಅದರಲ್ಲಿದ್ದರು. ಇಲ್ಲೂ ಪೆನ್ಷನ್‌ಗೆ 20 ವರ್ಷ ಬೇಕು, ಮೊದಲೇ ಬಿಟ್ಟರೆ ಆಗೆಲ್ಲ ಪೆನ್ಷನ್ ಏನೂ ಇಲ್ಲ. ಅದಕ್ಕೇ ಕೆಲವರು ಸಾರ್ಜೆಂಟ್ ಆಗಿ ಮತ್ತೆ ಸೇರಿದರು.

ಲೆಕ್ಕ ಹೀಗೆ. ಒಬ್ಬ 6 ವರ್ಷ ಜವಾನ, 8 ವರ್ಷ ಆಫೀಸರ್, ಮತ್ತೆ 6 ವರ್ಷ ಸಾರ್ಜೆಂಟ್ ಅಂತ ಇಟ್ಟುಕೊಳ್ಳಿ. ಒಟ್ಟು 20. ಆಫೀಸರ್ ದರ್ಜೆಯಲ್ಲೇ ನಿವೃತ್ತಿ ಆಗಬೇಕಾದರೆ 10 ವರ್ಷ ಆಫೀಸರ್ ಆಗಿರಬೇಕು ಅಂತ ಕಾನೂನು. ಇವನಿಗೆ 8 ಮಾತ್ರ, ಆದ್ದರಿಂದ ಸಾರ್ಜೆಂಟ್ ಪೆನ್ಷನ್. ಆದರೆ ಸೇವೆಯ ವರ್ಷ ಮತ್ತು ನಿವೃತ್ತಿ ಪಟ್ಟಿಯಲ್ಲಿದ್ದ ವರ್ಷ ಸೇರಿ 30 ಆದಾಗ, ಅವನು ಚೆನ್ನಾಗಿ ನಿಭಾಯಿಸಿದ ಅತಿ ಮೇಲಿನ ದರ್ಜೆಗೆ ಏರಿಸುತ್ತಾರೆ. ಅಂದರೆ ನಿವೃತ್ತಿಯಾಗಿ 10 ವರ್ಷ ಆದ ಮೇಲೆ ಮತ್ತೆ ಕ್ಯಾಪ್ಟನ್. ಪೆನ್ಷನ್ ಲೆಕ್ಕವೂ ಅದೇ ದರ್ಜೆಗೆ ಬದಲಾಗುತ್ತದೆ.

ಮಾವನ ಕಂಪನಿಯಲ್ಲಿ ಇಂಥ ಒಬ್ಬ ಸಾರ್ಜೆಂಟ್ ಇದ್ದರಂತೆ. ಹೊಸ ಲೆಫ್ಟಿನೆಂಟ್‌ಗಳು ನಕ್ಷೆ ಹಿಡಿದು ಅವರ ಹತ್ತಿರ ಹೋಗುತ್ತಿದ್ದರಂತೆ. ಅವರು ಎಲ್ಲ ಹೇಳಿಕೊಟ್ಟು ಕೊನೆಗೆ "ಸರ್, ನಿರ್ಧಾರ ನಿಮ್ಮದು" ಅನ್ನುತ್ತಿದ್ದರಂತೆ.

ಕಾನೂನು ಓದುವವ
ಡಲ್ಲಾಸ್ ಸರ್, ಒಂದು ತಿದ್ದುಪಡಿ. ಅಲ್ಲೂ ಎಲ್ಲ ಆಫೀಸರ್‌ಗಳಿಗೆ ಆ ಹಕ್ಕು ಇರಲಿಲ್ಲ. ಮೊದಲು ರೆಗ್ಯುಲರ್ ಆರ್ಮಿಯಲ್ಲಿ ಜವಾನ ಆಗಿದ್ದು, ಅಲ್ಲಿಂದ ನೇರವಾಗಿ ರಿಸರ್ವ್ ಆಫೀಸರ್ ಆದವರಿಗೆ ಮಾತ್ರ ಕಾನೂನು ಹಕ್ಕು ಕೊಟ್ಟಿತ್ತು. ಆಫೀಸರ್ ಸೇವೆ ಮುಗಿದು 6 ತಿಂಗಳೊಳಗೆ ಅರ್ಜಿ ಹಾಕಬೇಕು. ಶಿಕ್ಷೆಯಾಗಿ ವಜಾ ಆದವರಿಗೆ ಇಲ್ಲ. ಕಾಲೇಜಿನಿಂದ ನೇರ ಆಫೀಸರ್ ಆದವರು ಸೈನ್ಯ ಒಪ್ಪಿದರೆ ಮಾತ್ರ ಸೇರಬಹುದಿತ್ತು, ಹಕ್ಕು ಅಂತ ಕೇಳೋಕೆ ಆಗುತ್ತಿರಲಿಲ್ಲ. ಅಕ್ಕನ ತಮ್ಮ ಕಾಲೇಜಿನಿಂದ ನೇರ ಹೋದವರು. ಅಮೆರಿಕದಲ್ಲಿದ್ದರೂ ಅವರಿಗೆ ಆ ಹಕ್ಕು ಸಿಗುತ್ತಿರಲಿಲ್ಲ.

ಅಲ್ಲಿ ನಮ್ಮವರು ನೋಡಬೇಕಾದ್ದು ಇನ್ನೊಂದಿದೆ. 18 ವರ್ಷ ಮುಗಿಸಿದ ಆಫೀಸರ್‌ಗೆ ಎರಡು ಸಲ ಪ್ರಮೋಷನ್ ಸಿಗದಿದ್ದರೂ 20ರ ತನಕ ಇರಿಸಿಕೊಳ್ಳುತ್ತಾರೆ. ದಡ ಕಾಣುವ ಹೊತ್ತಿಗೆ ದೋಣಿಯಿಂದ ಇಳಿಸಬಾರದು ಅನ್ನೋದು ಅದರ ಹಿಂದಿನ ವಿಚಾರ.

ಡಲ್ಲಾಸ್ ಕನ್ನಡಿಗ
ಒಪ್ಪಿದೆ. ಮಾವ ಹೇಳಿದವರೆಲ್ಲ ಮೊದಲು ಜವಾನರೇ ಆಗಿದ್ದರು, ಅದನ್ನು ನಾನು ಗಮನಿಸಿರಲಿಲ್ಲ. 2014ರಲ್ಲೂ ಇಲ್ಲಿ ಸೈನ್ಯ ಕಡಿಮೆ ಮಾಡುವಾಗ ಕ್ಯಾಪ್ಟನ್, ಮೇಜರ್‌ಗಳನ್ನು ಕೈಬಿಟ್ಟರು. ಜವಾನ ದರ್ಜೆಯಿಂದ ಮೇಲೆ ಬಂದವರಿಗೇ ಜಾಸ್ತಿ ಏಟು ಬಿತ್ತು. ಕೆಲವು ಕ್ಯಾಪ್ಟನ್‌ಗಳಿಗೆ 20 ವರ್ಷ ಆಗಿತ್ತು, ಆದರೆ ಆಫೀಸರ್ ಆಗಿ ಬೇಕಾದಷ್ಟು ವರ್ಷ ಆಗಿರಲಿಲ್ಲ. ಹಾಗಾಗಿ ಸಾರ್ಜೆಂಟ್ ದರ್ಜೆಯ ಪೆನ್ಷನ್‌ಗೆ ಇಳಿಯುವ ಪರಿಸ್ಥಿತಿ ಬಂತು. ಪೇಪರ್‌ಗಳಲ್ಲಿ ದೊಡ್ಡ ಗಲಾಟೆ ಆಗಿತ್ತು.

ಕೊಡಗಿನ ಮೊಮ್ಮಗ
ನಮ್ಮಲ್ಲೂ ಇದು ಹಳೇ ಕಥೆ. 1962ರ ಚೀನಾ ಯುದ್ಧದ ಮೇಲೆ ಎಮರ್ಜೆನ್ಸಿ ಕಮಿಷನ್ ಅಂತ ತುಂಬಾ ಹುಡುಗರನ್ನು ಆಫೀಸರ್ ಮಾಡಿದರು. ನಮ್ಮ ಅಜ್ಜ 1963ರಲ್ಲಿ ಹೋದವರು. 65ರ ಯುದ್ಧ ಮಾಡಿದರು. 68ರಲ್ಲಿ ಕ್ಯಾಪ್ಟನ್ ಆಗಿದ್ದಾಗಲೇ ಬಿಡುಗಡೆ ಮಾಡಿ ಮನೆಗೆ ಕಳಿಸಿದರು. ಅವರ ಜೊತೆಯವರು ಕೆಲವರು ಬಿಎಸ್‌ಎಫ್‌ಗೆ ಹೋದರು, ಅದು ಆಗಷ್ಟೇ 1965ರಲ್ಲಿ ಶುರುವಾಗಿತ್ತು. ಕೆಲವರು ಇಂಥ ಆಫೀಸರ್‌ಗಳಿಗೆ ಅಂತಲೇ ನಡೆಸಿದ ಪರೀಕ್ಷೆ ಬರೆದು ಐಎಎಸ್, ಐಪಿಎಸ್ ಆದರು. ಅಜ್ಜನಿಗೆ ಅದು ಆಗಲಿಲ್ಲ. ಬೇರೆಯವರ ಕಾಫಿ ತೋಟದಲ್ಲಿ ಮ್ಯಾನೇಜರ್ ಆದರು.

ನಮ್ಮೂರಿನಲ್ಲೇ ಒಬ್ಬರು ಸುಬೇದಾರ್ ಇದ್ದರು, ಅಜ್ಜನ ದೋಸ್ತಿ. ಪ್ರತಿ ತಿಂಗಳು ಮೊದಲ ವಾರ ಇಬ್ಬರೂ ತೋಟದ ಜೀಪಿನಲ್ಲಿ ಮಡಿಕೇರಿಗೆ ಹೋಗುತ್ತಿದ್ದರು. ಸುಬೇದಾರರು ಪೆನ್ಷನ್ ತರೋಕೆ ಒಳಗೆ ಹೋಗುತ್ತಿದ್ದರು. ಅಜ್ಜ ಜೀಪಿನಲ್ಲೇ ಕೂತಿರುತ್ತಿದ್ದರು. ಹೊರಗೆ ಬಂದ ಮೇಲೆ ಸುಬೇದಾರರು ಅಜ್ಜನಿಗೆ "ಸಾಬ್" ಅಂತಲೇ ಕರೆದು ಕಾಫಿ ಕೊಡಿಸುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಜೊತೆಗೆ ಹೋಗಿದ್ದೇನೆ. ಅಜ್ಜ ಯಾಕೆ ಒಳಗೆ ಹೋಗುತ್ತಿರಲಿಲ್ಲ ಅಂತ ಆಗ ಅರ್ಥ ಆಗಿರಲಿಲ್ಲ.

ಹುಬ್ಬಳ್ಳಿ ಮೇಷ್ಟ್ರು
ಕೊಡಗಿನವರೇ, ಇದನ್ನು ಎಲ್ಲಾದರೂ ಪೂರ್ತಿ ಬರೆದಿಡಿ. ಎಮರ್ಜೆನ್ಸಿ ಕಮಿಷನ್‌ನವರ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದು ತುಂಬಾ ಕಡಿಮೆ.

ಮಾಜಿ ಶಾರ್ಟ್ ಸರ್ವಿಸ್
ನಾನು ಇದೇ ದಾರಿಯಲ್ಲಿ ಬಂದವನು. 14 ವರ್ಷ ಮಾಡಿ ಹೊರಗೆ ಬಂದೆ. ಇನ್ನೊಂದು ಮುಖವನ್ನೂ ಹೇಳಬೇಕು ಅನ್ನಿಸಿತು.

ಶಾರ್ಟ್ ಸರ್ವಿಸ್ ಇರೋದೇ ಸೈನ್ಯದಲ್ಲಿ ವಯಸ್ಸು ಕಡಿಮೆ ಇರಲಿ ಅಂತ. ಕಾರ್ಗಿಲ್ ನಂತರ ಎ. ವಿ. ಸಿಂಗ್ ಸಮಿತಿ ಇದನ್ನೇ ಹೇಳಿತು. ಪರ್ಮನೆಂಟ್ ಆಫೀಸರ್‌ಗಳು ಕಡಿಮೆ ಇರಲಿ, ಶಾರ್ಟ್ ಸರ್ವಿಸ್‌ನವರು ಜಾಸ್ತಿ ಇರಲಿ, ಬೆಟಾಲಿಯನ್ ನಡೆಸುವ ಕರ್ನಲ್‌ಗಳ ವಯಸ್ಸು ಇಳಿಯಲಿ ಅಂತ. ಮೇಲೆ ಹೋದಂತೆ ಹುದ್ದೆ ಕಡಿಮೆ. ಎಲ್ಲರನ್ನೂ 20 ವರ್ಷ ಇಟ್ಟುಕೊಂಡರೆ ಮಧ್ಯದಲ್ಲಿ ಗಂಟು ಬೀಳುತ್ತದೆ. ನಾವು ಸಹಿ ಹಾಕುವಾಗ ಈ ಷರತ್ತು ಗೊತ್ತಿತ್ತು.

ಗೊತ್ತಿತ್ತು ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ. 23ರ ವಯಸ್ಸಿನಲ್ಲಿ 37 ತುಂಬಾ ದೂರ ಕಾಣುತ್ತದೆ. ಹೊರಗೆ ಬಂದ ಮೊದಲ ವರ್ಷ ನನಗೆ ಬಯೋಡೇಟಾದಲ್ಲಿ ಏನು ಬರೆಯಬೇಕು ಅಂತಲೇ ತಿಳಿಯಲಿಲ್ಲ. ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಮಾಡಿದ ಹುಡುಗ "ಸರ್, ನಿಮಗೆ ಇಂಡಸ್ಟ್ರಿ ಅನುಭವ ಇಲ್ಲವಲ್ಲ" ಅಂದ. 13 ಸಾವಿರ ಅಡಿ ಎತ್ತರದಲ್ಲಿ 120 ಜನರಿಗೆ ಚಳಿಗಾಲದ ರೇಷನ್, ಸೀಮೆಎಣ್ಣೆ ತಲುಪಿಸಿದ್ದು ಅನುಭವ ಅಲ್ಲವಂತೆ.

ನನ್ನ ಬೇಡಿಕೆ ಸಿಪಾಯಿ ಮಾಡಿ ಅಂತಲ್ಲ. 14ಕ್ಕೆ ನಿಲ್ಲಿಸುವ ಬದಲು, ಬಯಸಿದವರಿಗೆ ಆಫೀಸ್ ಕೆಲಸ, ಡಿಪೋ ಕೆಲಸ, ಎನ್‌ಸಿಸಿ ಕೆಲಸ ಕೊಟ್ಟು 20 ಮುಗಿಸೋಕೆ ಬಿಡಲಿ. ಪ್ರಮೋಷನ್ ಬೇಡ. ಇಲ್ಲ ಅಂದರೆ 14 ವರ್ಷಕ್ಕೆ ಎಷ್ಟು ಬರುತ್ತದೋ ಅಷ್ಟು ಪೆನ್ಷನ್ ಕೊಡಲಿ.

ಕಾನೂನು ಓದುವವ
20 ವರ್ಷ ಮುಗಿಸೋಕೆ ಬಿಟ್ಟ ಉದಾಹರಣೆ ನಮ್ಮಲ್ಲೇ ಇದೆ. 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಬಬಿತಾ ಪೂನಿಯಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮಹಿಳಾ ಶಾರ್ಟ್ ಸರ್ವಿಸ್ ಆಫೀಸರ್‌ಗಳನ್ನೂ ಪರ್ಮನೆಂಟ್ ಕಮಿಷನ್‌ಗೆ ಪರಿಗಣಿಸಬೇಕು ಅಂತ. ಅದರಲ್ಲೇ, 14 ವರ್ಷ ದಾಟಿದ್ದು ಪರ್ಮನೆಂಟ್ ಕಮಿಷನ್ ಸಿಗದ ಮಹಿಳೆಯರು 20 ವರ್ಷ ಆಗುವ ತನಕ ಮುಂದುವರಿದು ಪೆನ್ಷನ್ ಪಡೆಯಲಿ ಅಂದಿತು. 2021ರ ಮಾರ್ಚ್‌ನಲ್ಲಿ ನಿತೀಶಾ ಪ್ರಕರಣದಲ್ಲಿ, ಅವರನ್ನು ಅಳೆದ ವಿಧಾನವೇ ಸರಿ ಇರಲಿಲ್ಲ ಅಂತ ಮತ್ತೆ ಹೇಳಿತು.

ನೇರ ಮಾತು
ಹೆಂಗಸರಿಗೆ ಕೊಟ್ಟರೆ ಗಂಡಸರಿಗೂ ಕೊಡಬೇಕಲ್ಲ? ಇದು ಯಾವ ನ್ಯಾಯ?

ನಿವೃತ್ತ ಮೇಜರ್ ಹೆಂಡತಿ
ನೇರ ಮಾತು ಅವರೇ, ದಯವಿಟ್ಟು ಹಿಂದಿನದ್ದು ನೋಡಿ ಮಾತಾಡಿ. ಗಂಡಸರಿಗೆ ಪರ್ಮನೆಂಟ್ ಕಮಿಷನ್ ಕೇಳುವ ಅವಕಾಶ ಮೊದಲಿನಿಂದ ಇತ್ತು. ಸಿಗುವುದು ಬಿಡುವುದು ಬೇರೆ, ಬೋರ್ಡ್ ಮುಂದೆ ಹೆಸರಾದರೂ ಹೋಗುತ್ತಿತ್ತು. ಹೆಂಗಸರಿಗೆ ಹೆಚ್ಚಿನ ವಿಭಾಗಗಳಲ್ಲಿ ಆ ಬಾಗಿಲೇ ಇರಲಿಲ್ಲ. ಕೇಳುವ ಅವಕಾಶವನ್ನೇ ಕೊಡದೆ ವರ್ಷಗಟ್ಟಲೆ ದುಡಿಸಿಕೊಂಡರಲ್ಲ, ಅದಕ್ಕೆ ಕೋರ್ಟ್ ಪರಿಹಾರ ಕೊಟ್ಟಿತು. ಇವರಿಬ್ಬರನ್ನು ಎದುರುಬದುರು ನಿಲ್ಲಿಸಬೇಡಿ. ಅಕ್ಕನ ತಮ್ಮನಿಗೆ ಆಗಿರುವ ಕಷ್ಟ ನಿಜ, ಅದಕ್ಕೆ ಬೇರೆ ಪರಿಹಾರ ಕೇಳೋಣ.

ನೇರ ಮಾತು
ಸರಿ, ಆ ಹಿನ್ನೆಲೆ ನನಗೆ ಇಷ್ಟು ಗೊತ್ತಿರಲಿಲ್ಲ. ಮಾತು ವಾಪಸ್ ತಗೊಂಡೆ.

ಅಗ್ನಿವೀರನ ತಾಯಿ
ನೀವೆಲ್ಲ 14 ವರ್ಷ, 20 ವರ್ಷ ಅಂತಿದ್ದೀರಿ. ನನ್ನ ಮಗನಿಗೆ 4 ವರ್ಷ ಅಷ್ಟೇ. ಆಮೇಲೆ 100 ಜನರಲ್ಲಿ ಹೆಚ್ಚೆಂದರೆ 25 ಜನರನ್ನು ಉಳಿಸಿಕೊಳ್ಳುತ್ತಾರೆ ಅಂತ 2022ರಲ್ಲಿ ಹೇಳಿದ್ದಾರೆ. ಉಳಿದವರಿಗೆ ಸೇವಾನಿಧಿ ದುಡ್ಡು ಕೊಟ್ಟು ಕಳಿಸುತ್ತಾರೆ. ಪೆನ್ಷನ್ ಮಾತೇ ಇಲ್ಲ. ಮುಂದೆ ಈ ಹುಡುಗರು ಡಿಎಸ್‌ಸಿಗೆ ಹೋಗಬಹುದಾ ಅಂತ ಯಾರಾದರೂ ಹೇಳುತ್ತೀರಾ?

ಗದಗ ಫೌಜಿ
ತಾಯಿ, ಆ 25 ಜನರಲ್ಲಿ ನಿಮ್ಮ ಮಗ ಬರಲಿ ಅಂತ ಹಾರೈಸುತ್ತೇನೆ. ಬಂದರೆ ಇನ್ನೂ 15 ವರ್ಷ ಸೇವೆ, ಪೆನ್ಷನ್ ಬರುತ್ತದೆ. ಓಟದಲ್ಲಿ, ಫೈರಿಂಗ್‌ನಲ್ಲಿ ಈಗಿನಿಂದಲೇ ಮುಂದೆ ಇರೋಕೆ ಹೇಳಿ, ಪ್ರತಿ ವರ್ಷವೂ ಅಂಕ ಲೆಕ್ಕ ಆಗುತ್ತದೆ.

ಆದರೆ ನನಗೆ ಅಗ್ನಿಪಥ್ ಬಗ್ಗೆ ಸಿಟ್ಟಿದೆ. ಶಾರ್ಟ್ ಸರ್ವಿಸ್ ಆಫೀಸರ್‌ಗೆ ಡಿಗ್ರಿ ಇರುತ್ತದೆ, ಇಂಗ್ಲಿಷ್ ಇರುತ್ತದೆ, 14 ವರ್ಷದ ಉಳಿತಾಯ ಇರುತ್ತದೆ. 22ರ ಹುಡುಗನ ಕೈಯಲ್ಲಿ ಏನಿರುತ್ತದೆ? ಮೊದಲು ಇವರ ಬಗ್ಗೆ ಕೇಳಬೇಕು, ಆಮೇಲೆ ಮೇಜರ್‌ಗಳ ಬಗ್ಗೆ.

ಮಾಜಿ ಶಾರ್ಟ್ ಸರ್ವಿಸ್
ಗದಗ ಫೌಜಿಯವರೇ, ಅಗ್ನಿವೀರರ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಆದರೆ "ಮೊದಲು ಅವರು, ಆಮೇಲೆ ಇವರು" ಅನ್ನಬೇಡಿ. ನಮ್ಮ ಉಳಿತಾಯ ನೀವು ಅಂದುಕೊಂಡಷ್ಟು ಇರಲ್ಲ. ಎರಡು ವರ್ಷಕ್ಕೊಮ್ಮೆ ಊರು ಬದಲು. ಹೆಂಡತಿ ಒಂದು ಕೆಲಸದಲ್ಲಿ ನಿಲ್ಲೋಕೆ ಆಗಲ್ಲ. ಮಕ್ಕಳಿಗೆ ಪ್ರತಿ ಸಲ ಹೊಸ ಸ್ಕೂಲು.

ಹುಬ್ಬಳ್ಳಿ ಮೇಷ್ಟ್ರು
ಡಿಎಸ್‌ಸಿಯವರನ್ನು "ಗೇಟ್ ಕಾಯುವವರು" ಅಂತ ಹಗುರವಾಗಿ ಮಾತಾಡೋದು ಕೇಳಿದ್ದೇನೆ. ಇಲ್ಲಿ ಯಾರೂ ಹಾಗೆ ಅಂದಿಲ್ಲ, ಆದರೂ ಹೇಳುತ್ತೇನೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಆಯಿತಲ್ಲ, ಅಲ್ಲಿ ಡಿಎಸ್‌ಸಿಯ ಐವರು ಸತ್ತರು. ಸಿಪಾಯಿ ಜಗದೀಶ್ ಚಂದ್ ಒಬ್ಬ ಭಯೋತ್ಪಾದಕನನ್ನು ಅಟ್ಟಿಸಿಕೊಂಡು ಹೋಗಿ, ಅವನ ಬಂದೂಕು ಕಿತ್ತು, ಅದರಲ್ಲೇ ಅವನನ್ನು ಕೊಂದರು. ಅವರಿಗೆ ಕೀರ್ತಿ ಚಕ್ರ ಬಂತು. ಅದೇ ದಾಳಿಯಲ್ಲಿ ಸತ್ತ ಫತೇಹ್ ಸಿಂಗ್ ಕಾಮನ್‌ವೆಲ್ತ್ ಶೂಟಿಂಗ್‌ನಲ್ಲಿ ಪದಕ ಗೆದ್ದವರು. ಅವರಿಗೆ ಗೌರವ ಕ್ಯಾಪ್ಟನ್ ದರ್ಜೆ ಇತ್ತು. ಇಬ್ಬರೂ ಡೋಗ್ರಾ ರೆಜಿಮೆಂಟ್‌ನಲ್ಲಿ ಒಂದು ಪೂರ್ತಿ ಸೇವೆ ಮುಗಿಸಿ ಮತ್ತೆ ಬಂದವರು.

ಯಲಹಂಕ ನಿವಾಸಿ
ಆ ದಾಳಿಯಲ್ಲೇ ಎನ್‌ಎಸ್‌ಜಿ ಕಮಾಂಡೋ ಪಡೆಯ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಕುಮಾರ್ ತೀರಿಕೊಂಡಿದ್ದು. ಕುಟುಂಬ ಬೆಂಗಳೂರಿನಲ್ಲೇ ಇತ್ತು. ಅವರನ್ನು ಊರಿಗೆ ತಂದ ದಿನ ಇನ್ನೂ ನೆನಪಿದೆ. ಎಷ್ಟು ಜನ ಸೇರಿದ್ದರು!

ಬೈಲಹೊಂಗಲದ ಮಗಳು
ಮೇಷ್ಟ್ರೇ, ಪಠಾಣ್‌ಕೋಟ್ ಸುದ್ದಿ ಟಿವಿಯಲ್ಲಿ ಬಂದಾಗ ಅಪ್ಪಾಜಿ ಡ್ಯೂಟಿಯಲ್ಲೇ ಇದ್ದರು, ಬೇರೆ ಕಡೆ. ಅವ್ವ ಎರಡು ದಿನ ಊಟ ಮಾಡಲಿಲ್ಲ. ಅದೇ ವರ್ಷ ಮೇ 31ಕ್ಕೆ ಪುಲಗಾಂವ್ ಮದ್ದುಗುಂಡು ಡಿಪೋದಲ್ಲಿ ಬೆಂಕಿ ಬಿತ್ತು. ಅಲ್ಲೂ ಸತ್ತವರಲ್ಲಿ ಡಿಎಸ್‌ಸಿಯವರು ಇದ್ದರು. ಎರಡನೇ ಪೆನ್ಷನ್ ಅಂದರೆ ಸುಮ್ನೆ ಕೂತು ತಗೊಳ್ಳೋದು ಅಂತ ಊರಲ್ಲಿ ಕೆಲವರು ಅಂದುಕೊಂಡಿದ್ದಾರೆ. ಅದಕ್ಕೇ ಇದನ್ನು ಬರೆದೆ.

ವಿಜಯಪುರ ಭಾವ
ನಮ್ಮ ಸೋದರಮಾವ ಡಿಎಸ್‌ಸಿಯಲ್ಲಿ 15 ವರ್ಷಕ್ಕೆ ಕೆಲವೇ ತಿಂಗಳು ಕಡಿಮೆ ಇದ್ದಾಗ ಹೊರಗೆ ಬಂದರು. ವಯಸ್ಸಿನ ಮಿತಿ ಬಂದಿತ್ತು. ಎರಡನೇ ಪೆನ್ಷನ್ ಇಲ್ಲ ಅಂದರು. ಮೊದಲ ಪೆನ್ಷನ್‌ಗೆ ಇಂಥ ಕೊರತೆ ಇದ್ದರೆ ಮನ್ನಾ ಮಾಡುತ್ತಾರೆ, ಎರಡನೆಯದಕ್ಕೆ ಮಾಡಲ್ಲ ಅಂತ ಉತ್ತರ ಬಂತು. ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್‌ಗೆ ಹೋಗಿದ್ದಾರೆ. ಇದೇ ವಿಷಯದ ಕೇಸುಗಳು ಅಲ್ಲಿ ತುಂಬಾ ಇವೆಯಂತೆ.

ಡಿಎಸ್‌ಸಿಗೆ ಹೋಗುವವರು ಸೇರುವ ದಿನವೇ ಕೈಬೆರಳಲ್ಲಿ ಲೆಕ್ಕ ಹಾಕಿ. ನಿವೃತ್ತಿ ವಯಸ್ಸಿನ ಒಳಗೆ ಪೂರ್ತಿ 15 ವರ್ಷ ಸಿಗುತ್ತದಾ ಅಂತ. ಸೇರೋದನ್ನು ತಡ ಮಾಡಿದರೆ ಕೊನೆಯಲ್ಲಿ ಹೊಡೆತ ಬೀಳುತ್ತದೆ. ಮಾವ ಎರಡು ವರ್ಷ ಮನೆ ಕಟ್ಟಿಸುತ್ತಾ ಕೂತರು, ಅದೇ ತಪ್ಪಾಯಿತು.

ಮದ್ರಾಸ್ ಸ್ಯಾಪರ್
ಭಾವ ಹೇಳಿದ್ದನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ಇದನ್ನು ಯಾರೂ ಮೊದಲೇ ಹೇಳಲ್ಲ.

ಕಾಲೇಜು ಹುಡುಗ
ನಾನು ಓಟಿಎ ಪರೀಕ್ಷೆಗೆ ಓದುತ್ತಿದ್ದೇನೆ. ಇದೆಲ್ಲ ಓದಿ ಭಯ ಆಯಿತು. ಬಿಟ್ಟು ಬಿಡಲಾ?

ಮಾಜಿ ಶಾರ್ಟ್ ಸರ್ವಿಸ್
ತಮ್ಮಾ, ಬಿಡಬೇಡ. ಆ 14 ವರ್ಷ ಮತ್ತೆ ಬದುಕು ಅಂದರೆ ನಾನು ಇವತ್ತೇ ಹೊರಡುತ್ತೇನೆ. ಆದರೆ ಹೋಗುವಾಗ ತಿಳಿದು ಹೋಗು. 8ನೇ ವರ್ಷದಿಂದಲೇ ಮುಂದಿನ ಯೋಚನೆ ಶುರು ಮಾಡು. ನಾನು 13ನೇ ವರ್ಷದಲ್ಲಿ ಶುರು ಮಾಡಿದೆ, ತಡ ಆಯಿತು.

ಅಕ್ಕ, ನಿಮ್ಮ ತಮ್ಮನಿಗೆ ಈಗ ಆಗಬೇಕಾದ್ದು ಹೇಳುತ್ತೇನೆ. ಯುಪಿಎಸ್‌ಸಿ ಸಿವಿಲ್ ಸರ್ವಿಸ್‌ನಲ್ಲಿ ಶಾರ್ಟ್ ಸರ್ವಿಸ್‌ನವರಿಗೆ 5 ವರ್ಷ ವಯಸ್ಸಿನ ರಿಯಾಯಿತಿ ಇದೆ. ಸೇವೆಯಲ್ಲಿ ಇರುವಾಗಲೇ ಬರೆಯಬಹುದು, ಅದಕ್ಕೆ ಸರ್ಟಿಫಿಕೇಟ್ ಬೇಕು. ಸಾಮಾನ್ಯ ವರ್ಗಕ್ಕೆ 32 ಇರುವಲ್ಲಿ 37 ಆಗುತ್ತದೆ, ಓಬಿಸಿಗೆ ಇನ್ನೂ 3. ಅವನಿಗೆ ಈಗ 36 ಅಂದರೆ ಒಂದು ದಿನವೂ ಕಳೆಯಬಾರದು. ಪುನರ್ವಸತಿ ನಿರ್ದೇಶನಾಲಯದವರು ಐಐಎಂಗಳಲ್ಲಿ ಸುಮಾರು 6 ತಿಂಗಳ ಕೋರ್ಸ್ ಮಾಡಿಸುತ್ತಾರೆ, ನನಗೆ ಕೆಲಸ ಸಿಕ್ಕಿದ್ದು ಅದರಿಂದಲೇ. ಅದಕ್ಕೆ ಮೊದಲೇ ಹೆಸರು ಹಾಕಬೇಕು. ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಮೊದಲು ನಮಗೆ ಇರಲಿಲ್ಲ. 2019ರಿಂದ ಶಾರ್ಟ್ ಸರ್ವಿಸ್‌ನವರಿಗೂ ಕೊಟ್ಟಿದ್ದಾರೆ, ಒಮ್ಮೆ ದುಡ್ಡು ಕಟ್ಟಬೇಕು. ಅದನ್ನಂತೂ ಬಿಡಬೇಡಿ, ಚಿಕ್ಕ ಮಕ್ಕಳಿದ್ದಾರೆ ಅಂದಿರಿ.

ಹಾಸನದ ಅಕ್ಕ
ಇಷ್ಟು ಜನ ಇಷ್ಟು ಹೊತ್ತು ಕೊಟ್ಟು ಬರೆದಿರಿ. ನಿನ್ನೆ ರಾತ್ರಿ ತಮ್ಮನಿಗೆ ಫೋನ್ ಮಾಡಿ ಒಂದೊಂದೇ ಓದಿ ಹೇಳಿದೆ. ನೆಟ್‌ವರ್ಕ್ ಸರಿ ಇರಲಿಲ್ಲ, ಎರಡು ಸಲ ಕಟ್ ಆಯಿತು. ಸಿವಿಲ್ ಸರ್ವಿಸ್ ವಿಷಯ ಅವನಿಗೆ ಗೊತ್ತಿತ್ತಂತೆ. ಓದೋಕೆ ಸಮಯ ಸಿಗುತ್ತಿಲ್ಲ ಅಂದ. ಆದರೂ ಈ ಸಲ ಅರ್ಜಿ ಹಾಕುತ್ತಾನಂತೆ. ಐಐಎಂ ಕೋರ್ಸ್‌ಗೆ ಹೆಸರು ಕೊಡುತ್ತೇನೆ ಅಂದ. ಇಸಿಎಚ್‌ಎಸ್ ಅವನಿಗೆ ಗೊತ್ತೇ ಇರಲಿಲ್ಲ.

ನಾನು ನೇರವಾಗಿ ಕೇಳಿದೆ. ಅಮೆರಿಕದ ಹಾಗೆ ಇಲ್ಲೂ ದಾರಿ ಇದ್ದಿದ್ದರೆ, ಹವಾಲ್ದಾರ್ ಆಗಿ 6 ವರ್ಷ ಇರುತ್ತಿದ್ದೆಯಾ ಅಂತ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೈನ್ ಕಟ್ ಆಯಿತು ಅಂದುಕೊಂಡೆ. ಆಮೇಲೆ ಹೇಳಿದ: "ಅಕ್ಕ, ನನ್ನ ಕಂಪನಿಯಲ್ಲಿ ಬಿಟ್ಟರೆ ಇರುತ್ತಿದ್ದೆ. ಬೇರೆ ಯೂನಿಟ್ ಆದರೆ ಯೋಚನೆ ಮಾಡುತ್ತಿದ್ದೆ."

ನಾನು ಉಲ್ಟಾ ಅಂದುಕೊಂಡಿದ್ದೆ. ಗೊತ್ತಿರುವವರ ಮುಂದೆ ಕಷ್ಟ, ಗೊತ್ತಿಲ್ಲದ ಕಡೆ ಸುಲಭ ಅಂತ.

ಮದ್ರಾಸ್ ಸ್ಯಾಪರ್
ಅಕ್ಕ, ಅವರು ಹೇಳಿದ್ದು ನನಗೆ ಅರ್ಥ ಆಯಿತು. ಅವರ ಕಂಪನಿಯ ಜವಾನರಿಗೂ ಅರ್ಥ ಆಗುತ್ತದೆ.

ಬೈಲಹೊಂಗಲದ ಮಗಳು
ಅಪ್ಪಾಜಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ ರೀ. ಮೇಜರ್ ಸಾಹೇಬರು ಯಾವ ರೆಜಿಮೆಂಟ್, ನಮ್ಮ ಮರಾಠಾದವರಾ ಅಂತ ಕೇಳಿದರು. ಹೌದಾದರೂ ಅಲ್ಲದಿದ್ದರೂ ರಜೆಗೆ ಬಂದಾಗ ಬೆಳಗಾವಿ ಕಡೆ ಬಂದರೆ ನಮ್ಮ ಮನೆಗೆ ಬರಬೇಕಂತೆ. ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿಸುತ್ತೇನೆ ಅಂತ ಹೇಳು ಅಂದರು. ನಿಮಗೆ ಮೆಸೇಜ್ ಕಳಿಸಿದ್ದೇನೆ, ನೋಡಿ ಅಕ್ಕ.